ಕಾಲ್ಬೆರಳಿಗೆ ಕಟ್ಟಿದ ಹಗ್ಗ

ನಮ್ಮಮ್ಮನ ಮಾತು ಬಂದರೆ ಸಾಕು, ಜನ ತಲೆ ಓರೆ ಮಾಡಿ, ದನಿ ಇಳಿಸಿ, "ಪಾಪ, ಎಂಥಾ ತ್ಯಾಗಮಯಿ" ಅಂತಾರೆ. ನನಗೆ ಮೈ ಉರಿದುಹೋಗುತ್ತೆ. ಪಾಪ ಅನ್ನಿಸಿಕೊಳ್ಳೋ ಹೆಂಗಸೇ ಅಲ್ಲ ಅವಳು. ತಪ್ಪು ಮಗ್ಗಿ ಹೇಳಿದವರ ಕಿವಿ ಹಿಂಡುತ್ತಿದ್ದಳು. ನಗು ಬಂದರೆ ಸೆರಗು ಬಾಯಿಗೆ ತುರುಕಿಕೊಂಡು ಕಣ್ಣಲ್ಲಿ ನೀರು ಬರೋ ತನಕ ನಗುತ್ತಿದ್ದಳು. ಅವಳ ವೈಕುಂಠ ಸಮಾರಾಧನೆಯ ದಿನ ಅರಸೀಕೆರೆಯ ಮನೆಯಲ್ಲಿ ಬಂದವರೆಲ್ಲ ಆ ತ್ಯಾಗದ ಮಾತೇ ಆಡಿ ಆಡಿ ನನ್ನ ತಲೆ ಕೆಡಿಸಿದ್ದರು. ಅಷ್ಟು ಜನರಲ್ಲಿ ಒಬ್ಬಳು, ನನ್ನ ವಾರಗೆಯವಳೇ, ಕನ್ನಡಕ ಹಾಕಿಕೊಂಡ ಹೆಂಗಸು, ನನ್ನ ಪಕ್ಕ ಬಂದು ಕೂತು ಮೆಲ್ಲಗೆ ಕೇಳಿದಳು: "ನಿಮ್ಮಜ್ಜಿ ಕೋಲು ಇನ್ನೂ ಐತೇನೇ?"

ನಾವಿಬ್ಬರೂ ನಕ್ಕೆವು. ಸಮಾರಾಧನೆಯ ಮನೆಯಲ್ಲಿ ಇದೇನು ನಗು ಅಂತ ತಮ್ಮನ ಹೆಂಡತಿ ಅಡುಗೆಮನೆಯಿಂದ ಇಣುಕಿ ನೋಡಿದಳು. ಅವಳಿಗೆ ಆಗ ಹೇಳೋಕಾಗಲಿಲ್ಲ. ಈಗ ಹೇಳ್ತೀನಿ.

ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಅಪ್ಪ ಅರಸೀಕೆರೆಯಲ್ಲಿ ರೈಲ್ವೆಯ ಗುಮಾಸ್ತ. ಅಮ್ಮನಿಗೆ ಮೇಷ್ಟರ ಕೆಲಸ ಸಿಕ್ಕಿದ್ದು ಹಳೇಬೀಡಿನಿಂದ ಬಸ್ತಿಹಳ್ಳಿ ದಾಟಿ ಇನ್ನೂ ಒಳಕ್ಕೆ ನಡೆದರೆ ಸಿಗುವ ಒಂದು ಊರಿನಲ್ಲಿ. ಬಸ್ಸು ಊರೊಳಗೆ ಬರುತ್ತಿರಲಿಲ್ಲ, ಕ್ರಾಸಿನಲ್ಲಿ ಇಳಿದು ರಾಗಿ ಹೊಲಗಳ ನಡುವೆ ನಡೆಯಬೇಕು. ಮೊದಲ ದಿನ ಅಮ್ಮ ಟ್ರಂಕು ಹೊರಿಸಿಕೊಂಡು ಹೋಗಿ ನಿಂತಾಗ ಊರಿನವರು ಅವಳ ಹಿಂದೆ ಹಿಂದೆ ನೋಡಿ, "ಮೇಷ್ಟ್ರು ಎಲ್ಲಿ ಉಳ್ಕಂಡ್ರವ್ವಾ?" ಅಂತ ಕೇಳಿದರಂತೆ. ಅಮ್ಮ, "ಅವರು ಬರಲ್ಲ, ನಾನೇ ಬಂದಿರೋದು" ಅಂದಳಂತೆ. ಹೆಂಗಸು ಪಾಠ ಹೇಳೋದನ್ನ ಆ ಊರು ನೋಡಿರಲಿಲ್ಲ.

ಶಾಲೆ ಅಂದರೆ ನಾಡಹೆಂಚಿನ ಒಂದೇ ಕೋಣೆ, ಒಂದನೇ ಕ್ಲಾಸಿನಿಂದ ನಾಲ್ಕನೇ ಕ್ಲಾಸಿನ ತನಕ ಎಲ್ಲ ಅದರೊಳಗೇ. ಗಂಟೆಯ ಬದಲು ಒಂದು ರೈಲುಕಂಬಿಯ ತುಂಡು ತೂಗಾಡುತ್ತಿತ್ತು. ಅಪ್ಪ ಅರಸೀಕೆರೆಯಿಂದ ತಂದದ್ದು. ಅದು ಹೇಗೆ ಅಪ್ಪನ ಕೈಗೆ ಬಂತು ಅಂತ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಶಾಲೆಯ ಗೋಡೆಗೆ ಆತುಕೊಂಡೇ ನಾವು ಬಾಡಿಗೆಗಿದ್ದ ಮನೆಯ ದನದ ಕೊಟ್ಟಿಗೆ. ದನ ಇರಲಿಲ್ಲ, ಕೊಟ್ಟಿಗೆ ಇತ್ತು.

ನಾನು ಅದೇ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಹೊಸಿಲು ದಾಟಿದ ಮೇಲೆ ಅವಳು ನನಗೆ ಅಮ್ಮ ಅಲ್ಲ, ಟೀಚರು. ಮರೆತು ಒಂದು ದಿನ "ಅಮ್ಮಾ, ಬಳಪ" ಅಂದದ್ದಕ್ಕೆ ಕೈ ಮೇಲೆ ಬರೆ ಬರೋ ಹಾಗೆ ಬಿಗಿದಳು. ಸಂಜೆ ಮನೆಯಲ್ಲಿ ಅದೇ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ, ಬೆಲ್ಲ ಇಟ್ಟಳು. ಆ ಬೆಲ್ಲವನ್ನು ನಾನು ತಿನ್ನಲಿಲ್ಲ ಅಂತೇನೂ ಅಂದುಕೊಳ್ಳಬೇಡಿ. ತಿಂದೆ. ಆದರೆ ಕೋಪ ಹೋಗಲಿಲ್ಲ.

ನಮ್ಮ ಜೊತೆ ಅಪ್ಪನ ಅಮ್ಮ, ಅಂದರೆ ನಮ್ಮಜ್ಜಿ ಇದ್ದಳು. ಅಜ್ಜಿಯದು ಘೋರ ಮಡಿ. ಈಗಿನ ಮಕ್ಕಳಿಗೆ ಹೇಳಬೇಕು: ಬೆಳಗ್ಗೆ ತಣ್ಣೀರು ಸ್ನಾನ ಮಾಡಿ, ಯಾರೂ ಮುಟ್ಟದ ಹಾಗೆ ಎತ್ತರದ ಗಳುವಿನ ಮೇಲೆ ಒಣಗಿದ ಸೀರೆ ಉಟ್ಟರೆ, ಅಡುಗೆ, ಪೂಜೆ, ಊಟ ಆಗೋ ತನಕ ಅವಳು ಯಾರನ್ನೂ ಮುಟ್ಟೋ ಹಾಗಿಲ್ಲ. ಮೊಮ್ಮಕ್ಕಳನ್ನೂ ಕೂಡ. ನಾವು ಅತ್ತ ಬಂದರೆ, "ದೂರ, ದೂರ" ಅಂತಿದ್ದಳು. ಗಳುವಿನ ಮೇಲಿನ ಸೀರೆ ತೆಗೆಯೋಕೆ ಅವಳ ಹತ್ತಿರ ಒಂದು ಉದ್ದನೆಯ ಬಿದಿರಿನ ಮಡಿಕೋಲು ಇತ್ತು. ಆ ಕೋಲು ಎಷ್ಟು ನುಣುಪಾಗಿತ್ತು ಅಂದರೆ, ಕದ್ದು ಮುಟ್ಟಬೇಕು ಅನ್ನಿಸುತ್ತಿತ್ತು.

ಮನೆಯಲ್ಲಿ ನನ್ನ ತಮ್ಮ ಹಾಲು ಕುಡಿಯೋ ಕೂಸು. ಅಜ್ಜಿ ಮಧ್ಯಾಹ್ನದ ತನಕ ಅವನನ್ನು ಮುಟ್ಟಲ್ಲ. ಅಮ್ಮ ಏನು ಮಾಡಬೇಕು? ಹಳೇ ಸೀರೆಯನ್ನು ಶಾಲೆಯ ತೊಲೆಗೆ ಕಟ್ಟಿ ತೊಟ್ಟಿಲು ಮಾಡಿದಳು, ಅದರಲ್ಲಿ ಮಗುವನ್ನು ಹಾಕಿದಳು, ಪಕ್ಕದಲ್ಲಿ ನನ್ನನ್ನು ಕೂರಿಸಿದಳು. ಬರೆಯುತ್ತಾ ತೂಗೋದು ನನ್ನ ಪಾಲಿಗೆ ಬಂತು.

ಶಾಲೆಯಲ್ಲಿ ಹುಡುಗರು ಇದ್ದರು, ಹುಡುಗಿಯರು ನಾನು ಸೇರಿ ಒಂದಿಬ್ಬರು. ರಾಗಿ ಕಳೆ ಶುರುವಾಯಿತು ಅಂದರೆ ತಾಯಂದಿರು ಹೊಲಕ್ಕೆ, ದೊಡ್ಡ ಹೆಣ್ಣುಮಗಳು ಮನೆಯಲ್ಲಿ ಕೂಸು ಎತ್ತಿಕೊಂಡು. ಅಮ್ಮ ಮನೆ ಮನೆಗೆ ಹೋಗಿ ಕರೆದು ಕರೆದು ಸೋತಿದ್ದಳು. ಆ ಮಳೆಗಾಲದಲ್ಲಿ ಊರಾಚೆಯ ಕೇರಿಯ ಒಬ್ಬಳು ಹುಡುಗಿ, ಸೊಂಟದ ಮೇಲೆ ತಮ್ಮನನ್ನು ಕೂರಿಸಿಕೊಂಡು, ದಿನಾ ಕಿಟಕಿಯ ಹತ್ತಿರ ಬಂದು ನಿಲ್ಲೋಕೆ ಶುರು ಮಾಡಿದಳು. ನಾವು ಅವಳನ್ನು ಕಿಟಕಿ ಹುಡುಗಿ ಅಂತಿದ್ದೆವು. ಹಿಂದಿನ ವರ್ಷದ ತನಕ ಶಾಲೆಗೆ ಬರುತ್ತಿದ್ದವಳೇ, ತಮ್ಮ ಹುಟ್ಟಿದ ಮೇಲೆ ಬಿಟ್ಟಿದ್ದಳು. ನಾವು ಒಳಗೆ ಮಗ್ಗಿ ಹೇಳಿದರೆ ಅವಳು ಹೊರಗೆ ತುಟಿ ಆಡಿಸುತ್ತಿದ್ದಳು. ಒಳಗಿನ ಹುಡುಗರು ತಪ್ಪಿದಾಗ ಅವಳ ಮುಖ ಹುಳ್ಳಗಾಗುತ್ತಿತ್ತು.

"ಒಳಗೆ ಬಾರೇ," ಅಂದಳು ಅಮ್ಮ ಒಂದು ದಿನ.

"ಕೂಸು ಐತೆ ಟೀಚರಮ್ಮ. ಅವ್ವ ಕಳೆ ಕೀಳಕ್ಕೆ ಹೋಗೈತೆ."

ಹಾಗೆ ಹೇಳಿ ಅವಳು ತೊಲೆಗೆ ಕಟ್ಟಿದ ನನ್ನ ತಮ್ಮನ ತೊಟ್ಟಿಲು ನೋಡಿದಳು. ಅಮ್ಮನೂ ತಿರುಗಿ ಅದನ್ನೇ ನೋಡಿದಳು. ತೊಲೆ ಉದ್ದ ಇತ್ತು, ಜಾಗ ಬೇಕಾದಷ್ಟಿತ್ತು. "ಅದಕ್ಕೇನು, ನಿನ್ನ ತಮ್ಮನಿಗೂ ಒಂದು ಕಟ್ಟಿದರೆ ಆಯಿತು" ಅಂದಳು.

ಅಷ್ಟೇ ನೋಡಿ. ಮಾರನೇ ವಾರದೊಳಗೆ ಇನ್ನೊಬ್ಬಳು ತಂಗಿಯನ್ನು ತಂದಳು, ಆಮೇಲೆ ಮತ್ತೊಬ್ಬಳು. ಕೇರಿಯ ಮಗು, ಗೌಡರ ಮನೆಯ ಮಗು, ನಮ್ಮ ಮನೆಯ ಮಗು ಎಲ್ಲ ಒಂದೇ ತೊಲೆಗೆ ತೂಗಾಡಿದವು. ಕಾಲಿಗೆ ಹಗ್ಗ ಕಟ್ಟೋ ಉಪಾಯ ಕಿಟಕಿ ಹುಡುಗಿಯದು. ತೊಟ್ಟಿಲಿಗೆ ಹಗ್ಗದ ಒಂದು ತುದಿ, ಇನ್ನೊಂದು ತುದಿ ಕಾಲಿನ ಹೆಬ್ಬೆರಳಿಗೆ. ಸ್ಲೇಟು ತೊಡೆಯ ಮೇಲೆ. ಕೈ ಬರೆಯುತ್ತೆ, ಕಾಲು ತೂಗುತ್ತೆ. ನಾವೆಲ್ಲ ಅದನ್ನೇ ಕಲಿತೆವು. ಪಾಠ ಒಪ್ಪಿಸೋಕೆ ಎದ್ದು ನಿಲ್ಲಬೇಕಾದರೆ ಮೊದಲು ಬೆರಳಿನಿಂದ ಹಗ್ಗ ಬಿಡಿಸಬೇಕು, ಅದನ್ನು ಮರೆತು ಎದ್ದು ಎಷ್ಟು ಜನ ಮುಗ್ಗರಿಸಿದ್ದೀವೋ.

ಮಕ್ಕಳು ಅತ್ತರೆ ಅಮ್ಮ ಒಂದನೇ ಕ್ಲಾಸಿನವರಿಗೆ ಲೆಕ್ಕ ಹೇಳುತ್ತಲೇ ಹೋಗಿ, ಯಾವುದು ಅಳುತ್ತಿದೆಯೋ ಅದನ್ನು ಎತ್ತಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು. ಊರಿನವರ ಮಕ್ಕಳಿಗೆಲ್ಲ ಅಮ್ಮ ಆಗ್ತಾಳೆ, ನನಗೆ ಮಾತ್ರ ಟೀಚರು.

ಹೀಗಿರುವಾಗ ಒಂದು ಸಂಜೆ ಬಸ್ಸಿನ ಕಂಡಕ್ಟರು ಕ್ರಾಸಿನಿಂದ ಹೇಳಿಕಳಿಸಿದ: ನಾಳೆ ಬೇಲೂರಿನಿಂದ ಸ್ಕೂಲ್ ಇನ್‌ಸ್ಪೆಕ್ಟರು ಬರ್ತಾರೆ. ಇನ್‌ಸ್ಪೆಕ್ಟರುಗಳು ಹೇಳದೇ ಕೇಳದೇ ಬರಬೇಕು ಅಂತ ನಿಯಮ. ಆದರೆ ಅವರ ಜವಾನ ಹಿಂದಿನ ದಿನವೇ ಮುಂದಿನ ಸೀಟು ಹಿಡಿದಿಡೋಕೆ ಕಂಡಕ್ಟರಿಗೆ ಹೇಳುತ್ತಿದ್ದ. ಹಾಗಾಗಿ ಆ ಗುಟ್ಟು ಬಸ್ಸು ಹೋಗುವ ದಾರಿಯ ಎಲ್ಲ ಶಾಲೆಗೂ ಗೊತ್ತಾಗುತ್ತಿತ್ತು.

ಅಮ್ಮನ ಮುಖ ಬಿಳಚಿಕೊಂಡಿತು. ಅವಳ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಶಾಲೆಯ ತೊಲೆಗೆ ತೊಟ್ಟಿಲು ಕಟ್ಟಿದ್ದಾಳೆ ಅಂತ ಇನ್‌ಸ್ಪೆಕ್ಟರು ತಕರಾರು ತೆಗೆದರೆ ತೊಟ್ಟಿಲು ಬಿಚ್ಚಲೇಬೇಕು. ಬಿಚ್ಚಿದರೆ ಹುಡುಗಿಯರು ಹೋದರು ಅಂತಲೇ ಲೆಕ್ಕ. ಕಿಟಕಿ ಹುಡುಗಿಯ ಅಪ್ಪ ಮೊದಲೇ ಹೇಳಿಬಿಟ್ಟಿದ್ದ: ಕೂಸಿಗೆ ಜಾಗ ಇದ್ದರೆ ಇವಳು ಬತ್ತಾಳೆ, ಇಲ್ಲದಿದ್ದರೆ ಇಲ್ಲ. ಅವಳು ನಾಲ್ಕನೇ ಕ್ಲಾಸು. ಬೇಸಿಗೆಗೆ ಪರೀಕ್ಷೆ, ಪಾಸಾದರೆ ಹಳೇಬೀಡಿನ ಮಿಡ್ಲ್‌ಸ್ಕೂಲು. ಆ ಊರಿನಿಂದ ಹುಡುಗಿ ಅನ್ನೋಳು ಒಬ್ಬಳೂ ಅಲ್ಲಿಗೆ ಹೋಗಿರಲಿಲ್ಲ. ಅಮ್ಮ ಅವಳನ್ನು ಕಳಿಸಲೇಬೇಕು ಅಂತ ಹಟ ಹಿಡಿದಿದ್ದಳು.

ಅಜ್ಜಿ ಜಗಲಿಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದಳು. ಅಮ್ಮ ಹೋಗಿ ಎದುರಿಗೆ ನಿಂತಳು.

"ನಾಳೆ ಒಂದು ಬೆಳಗ್ಗೆ ಆ ಮಕ್ಕಳನ್ನ ನೋಡ್ಕೋತೀರಾ? ಮಧ್ಯಾಹ್ನದ ತನಕ ಸಾಕು."

"ನನಗೆ ಮಡಿ ಇದೆಯಲ್ಲೇ."

"ಮುಟ್ಟೋದು ಬೇಡ. ತೂಗಿದರೆ ಸಾಕು."

"ಮುಟ್ಟದೆ ಹೇಗೆ ತೂಗ್ತಾರೆ? ಉಫ್ ಅಂತ ಊದಲಾ?"

ಅಮ್ಮ ಗಳುವಿಗೆ ಒರಗಿಸಿದ್ದ ಮಡಿಕೋಲನ್ನು ನೋಡಿದಳು. ಅಜ್ಜಿಯೂ ನೋಡಿದಳು. ಅಜ್ಜಿ ಬತ್ತಿ ಹೊಸೆಯೋದು ನಿಲ್ಲಿಸಿ ಷರತ್ತು ಹಾಕಿದಳು. ಮನೆಯೊಳಗೆ ಬೇಡ, ಕೊಟ್ಟಿಗೆಯಲ್ಲಿ ಕಟ್ಟು. ಕೇರಿಯ ಮಗುವನ್ನು ಕೊನೆಗೆ, ಬಾಗಿಲ ಹತ್ತಿರ ಕಟ್ಟು. ನಾನು ಯಾವುದನ್ನೂ ಎತ್ತೋಳಲ್ಲ. ಅಮ್ಮ ಎಲ್ಲದಕ್ಕೂ ಹೂಂ ಅಂದಳು. ಬಾಗಿಲ ಹತ್ತಿರ ಅಂದ ಮಾತಿಗೆ ಮಾತ್ರ ಅವಳು ತುಟಿ ಕಚ್ಚಿಕೊಂಡಿದ್ದನ್ನು ನಾನು ನೋಡಿದೆ.

ಮಾರನೇ ದಿನ ತಮ್ಮನನ್ನು ಕೊಟ್ಟಿಗೆಗೆ ಬಿಡೋಕೆ ಹೋದಾಗ ಕಂಡ ನೋಟ ಈಗಲೂ ನಗು ತರಿಸುತ್ತೆ. ಅಜ್ಜಿ ಮಡಿಸೀರೆ ಉಟ್ಟು, ನಡುವೆ ಮಣೆ ಹಾಕಿಕೊಂಡು ಕೂತು, ಆ ಉದ್ದ ಕೋಲಿನಿಂದ ಒಂದೊಂದೇ ತೊಟ್ಟಿಲನ್ನು ಮೆಲ್ಲಗೆ ತಳ್ಳುತ್ತಿದ್ದಳು. ಒಂದನ್ನು ತಳ್ಳಿ, ಇನ್ನೊಂದಕ್ಕೆ ತಿರುಗಿ, ಮತ್ತೆ ಮೊದಲನೆಯದಕ್ಕೆ. ಬಾಯಲ್ಲಿ ಸಹಸ್ರನಾಮ. ನಡುನಡುವೆ, "ಸುಮ್ನಿರೋ ಶನಿ."

ಇನ್‌ಸ್ಪೆಕ್ಟರು ಬಂದರು. ಸಣ್ಣ ಆಳು, ಕರೀ ಕೋಟು, ಕೊಡೆ. ಕೆಟ್ಟವರಲ್ಲ, ಆದರೆ ನಗದ ಮುಖ. ಹುಡುಗರಿಂದ ಓದಿಸಿದರು, ಲೆಕ್ಕ ಕೇಳಿದರು. ಹುಡುಗಿಯರು ಇಷ್ಟು ಜನ ಇದ್ದಾರಲ್ಲ ಅಂತ ಮೆಚ್ಚಿದರು ಕೂಡ. ಆಮೇಲೆ ನಮಗೆ ಉಕ್ತಲೇಖನ ಕೊಟ್ಟರು. ನಾವು ಸ್ಲೇಟು ತೊಡೆಯ ಮೇಲಿಟ್ಟುಕೊಂಡು ಬರೆಯೋಕೆ ಕೂತೆವು.

ಆಗ ಗೋಡೆಯಾಚೆ ಒಂದು ಮಗು ಅಳೋಕೆ ಶುರು ಮಾಡಿತು. ಇನ್‌ಸ್ಪೆಕ್ಟರು ಸಾಲು ಹೇಳುತ್ತಲೇ ಇದ್ದರು. ಹೇಳ್ತಾ ಹೇಳ್ತಾ ನಿಲ್ಲಿಸಿಬಿಟ್ಟರು. ನಮ್ಮ ಕಡೆಯೇ ನೋಡುತ್ತಿದ್ದರು. ಆಮೇಲೆ ನನಗೂ ಕಾಣಿಸಿತು: ಹುಡುಗಿಯರ ಇಡೀ ಸಾಲಿನಲ್ಲಿ ಎಲ್ಲರ ಬಲಗಾಲೂ ಮುಂದಕ್ಕೆ ಹಿಂದಕ್ಕೆ, ಮುಂದಕ್ಕೆ ಹಿಂದಕ್ಕೆ. ನನ್ನದೂ. ಹಗ್ಗ ಇಲ್ಲ, ತೊಟ್ಟಿಲು ಇಲ್ಲ, ಕಾಲು ಮಾತ್ರ ತೂಗುತ್ತಾ ಇದೆ.

"ಇದೇನು ಎಲ್ಲರೂ ಕಾಲು ಅಲ್ಲಾಡಿಸ್ತಿದ್ದೀರಿ? ಇರುವೆ ಕಚ್ತಾ ಇದೆಯಾ?" ಅಂತ ಕಿಟಕಿ ಹುಡುಗಿಯನ್ನು ಕೇಳಿದರು.

ಹೂಂ ಸಾ, ಇರುವೆ ಅಂದಿದ್ದರೆ ಮುಗಿದುಹೋಗುತ್ತಿತ್ತು. ಅವಳು ಎದ್ದು ನಿಂತು ಅಮ್ಮನ ಮುಖ ನೋಡಿದಳು. ಅಮ್ಮ, "ಇದ್ದದ್ದು ಇದ್ದ ಹಾಗೆ ಹೇಳು" ಅಂದಳು.

"ತೊಟ್ಟಿಲು ತೂಗ್ತಾ ಇವ್ನಿ ಸಾ."

"ಎಲ್ಲಿದೆ ತೊಟ್ಟಿಲು?"

"ಇಲ್ಲ ಸಾ. ತೂಗದೆ ಬರಿಯಕ್ಕೆ ಬರಾಕಿಲ್ಲ ಸಾ."

ಹುಡುಗರು ಕಿಸಕ್ಕನೆ ನಕ್ಕರು. ಇನ್‌ಸ್ಪೆಕ್ಟರು ನಗಲಿಲ್ಲ. ಅಮ್ಮ ಮುಂದೆ ಬಂದು ಎಲ್ಲ ಹೇಳಿದಳು. ಕಳೆ ಕೀಳೋ ತಾಯಂದಿರು, ಮನೆಯಲ್ಲಿ ಉಳಿದ ಹುಡುಗಿಯರು, ತೊಲೆ, ಹಗ್ಗ, ಇವತ್ತು ನಿಮಗೋಸ್ಕರ ಮಕ್ಕಳನ್ನು ಕೊಟ್ಟಿಗೆಗೆ ಸಾಗಿಸಿದ್ದು, ಒಂದೂ ಬಿಡಲಿಲ್ಲ. ಅವಳು ಹೇಳ್ತಾ ಇರುವಾಗಲೇ ಗೋಡೆಯಾಚೆ ಆ ಮಗು ಕಿಟಾರನೆ ಕಿರುಚಿ, ತಟ್ಟನೆ ನಿಲ್ಲಿಸಿತು. ಮಕ್ಕಳು ಹಾಗೆ ಒಂದೇ ಸಲಕ್ಕೆ ಅಳು ನಿಲ್ಲಿಸಲ್ಲ. ಅಮ್ಮ ಮಾತನ್ನು ಅರ್ಧಕ್ಕೇ ಬಿಟ್ಟು ಓಡಿದಳು. ಹಿಂದೆ ಕಿಟಕಿ ಹುಡುಗಿ, ಅವಳ ಹಿಂದೆ ನಾವು, ನಮ್ಮ ಹಿಂದೆ ಕೊಡೆ ಹಿಡಿದ ಇನ್‌ಸ್ಪೆಕ್ಟರು.

ಕೊಟ್ಟಿಗೆಯಲ್ಲಿ ಮಡಿಕೋಲು ನೆಲದ ಮೇಲೆ ಬಿದ್ದಿತ್ತು. ಅಜ್ಜಿ ಬಾಗಿಲ ಹತ್ತಿರ ಬರೀ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಅವಳ ತೊಡೆಯ ಮೇಲೆ ಕಿಟಕಿ ಹುಡುಗಿಯ ತಮ್ಮ. ಅವನು ಅಜ್ಜಿಯ ಮಡಿಸೀರೆ ಒದ್ದೆ ಮಾಡಿ, ಅವಳ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಿಕ್ಕುತ್ತಾ ಕಣ್ಣು ಮುಚ್ಚುತ್ತಿದ್ದ.

ಅಷ್ಟು ಜನರನ್ನು ಒಟ್ಟಿಗೇ ಕಂಡು ಅಜ್ಜಿಯ ಮುಖ ಕೆಂಪಾಯಿತು. ಸಿಟ್ಟಿನಿಂದಲೇ ಹೇಳಿದಳು: "ಏನು ನೋಡ್ತೀರಿ ಎಲ್ಲರೂ? ಎದ್ದು ತೊಟ್ಟಿಲಿಂದ ಅರ್ಧ ಹೊರಗೆ ಬಂದಿತ್ತು. ಬೀಳೋ ಮಗೂನ ಕೋಲಲ್ಲಿ ಹಿಡಿಯೋಕಾಗತ್ತಾ?"

ಕಿಟಕಿ ಹುಡುಗಿ ಹೆದರಿಹೋಗಿದ್ದಳು. ತಮ್ಮ ಬೀಳುತ್ತಿದ್ದ ಅಂತ ಅಲ್ಲ, ಅಜ್ಜಿ ಅವನನ್ನು ಮುಟ್ಟಿದ್ದಾಳೆ ಅಂತ. ಎತ್ತಿಕೊಳ್ಳೋಕೆ ಕೈ ಚಾಚಿ, ಅಜ್ಜಿಗೆ ತಾಗೀತು ಅಂತ ಹಿಂದಕ್ಕೆ ಎಳೆದುಕೊಂಡು, ಮತ್ತೆ ಚಾಚಿದಳು. ಅಷ್ಟು ಸಣ್ಣ ಹುಡುಗಿಗೆ ಅಷ್ಟೊಂದು ಹೆದರಿಕೆ ಕಲಿಸಿದ್ದೆವಲ್ಲ ನಾವು, ಅದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತೆ.

"ಇರು," ಅಂದಳು ಅಜ್ಜಿ. "ಈಗ ನಿದ್ದೆ ಹತ್ತಿದೆ. ಎಬ್ಬಿಸಬೇಡ."

ಇನ್‌ಸ್ಪೆಕ್ಟರು ಅಜ್ಜಿಯ ಸೀರೆ ನೋಡಿದರು, ಬಿದ್ದ ಕೋಲು ನೋಡಿದರು. ಅವರಿಗೂ ಅವರ ಮನೆಯಲ್ಲಿ ಅಂಥ ಕೋಲು ಇದ್ದಿರಬೇಕು, ಏನನ್ನೂ ಕೇಳಲಿಲ್ಲ. ಹೊರಗೆ ಬಂದು ಅಮ್ಮನಿಗೆ ಹೇಳಿದರು: "ಶಾಲೆಯೊಳಗೆ ತೊಟ್ಟಿಲು ಕಂಡರೆ ನಾನು ಬಿಡೋ ಹಾಗಿಲ್ಲಮ್ಮ. ನಿಮ್ಮ ಮನೆ ಕೊಟ್ಟಿಗೇಲಿ ಏನು ತೂಗಾಡತ್ತೆ ಅನ್ನೋದು ಇಲಾಖೆಗೆ ಬೇಕಿಲ್ಲ." ಹಾಗೆ ಹೇಳಿ ಜವಾನನನ್ನು ಕರೆದುಕೊಂಡು ಕ್ರಾಸಿನ ದಾರಿ ಹಿಡಿದರು.

ಅಂದರೆ ಎಲ್ಲ ಅಜ್ಜಿಯ ಮೇಲೆ ಬಂದು ನಿಂತಿತು. ಒಂದು ದಿನದ ಮಾತಲ್ಲ ಇನ್ನು, ದಿನಾ ಬೆಳಗ್ಗೆ.

ಮಧ್ಯಾಹ್ನ ಅಜ್ಜಿ ಉಟ್ಟ ಸೀರೆಯಲ್ಲೇ ಬಾವಿಕಟ್ಟೆಗೆ ಹೋಗಿ ಕೊಡದ ಮೇಲೆ ಕೊಡ ಸುರಿದುಕೊಂಡಳು. ಮತ್ತೆ ಒಲೆ ಹಚ್ಚಿ, ಹೊಸದಾಗಿ ಅಡುಗೆ ಮಾಡಿ, ಸಂಜೆಯ ಹೊತ್ತಿಗೆ ಊಟಕ್ಕೆ ಕೂತಳು. ನಾನು ಅಮ್ಮನ ಸೀರೆ ಜಗ್ಗಿ, "ಕೇಳಮ್ಮ, ನಾಳೆಯೂ ನೋಡ್ಕೋತೀರಾ ಅಂತ ಕೇಳು" ಅಂದೆ.

"ಈಗ ಕೇಳಿದರೆ ಇಲ್ಲ ಅಂತಾರೆ. ಸುಮ್ಮನಿರು" ಅಂದಳು.

ಸುಮ್ಮನಿರು ಅಂತ ನನಗೆ ಹೇಳಿ, ತಾನು ಕೊಟ್ಟಿಗೆಗೆ ಹೋಗಿ ಒಂದೊಂದೇ ತೊಟ್ಟಿಲು ಬಿಚ್ಚೋಕೆ ಶುರು ಮಾಡಿದಳು. ಕೊನೆಯ ಸೀರೆ ಬಿಚ್ಚಿ ಮಡಿಸುವಾಗ ಅದನ್ನೇ ಮುಖಕ್ಕೆ ಒತ್ತಿಕೊಂಡು ಅತ್ತಳು. "ಅವಳು ನಾಳೆಯಿಂದ ಬರಲ್ಲ ಕಣೇ. ಮತ್ತೆ ಕಿಟಕಿ ಹತ್ತಿರ ನಿಂತ್ಕೋತಾಳೆ" ಅಂದಳು. ಶಾಲೆಯಲ್ಲಿ ಕೈ ಮೇಲೆ ಬಿಗಿದ ಟೀಚರು ಹೀಗೆ ಅಳ್ತಾಳೆ ಅಂತ ನಾನು ಅಂದುಕೊಂಡಿರಲಿಲ್ಲ. ನಾನೂ ಅತ್ತೆ. ಆ ಹುಡುಗಿಗಾಗಿ ಅಲ್ಲ, ಅಮ್ಮ ಅಳ್ತಿದ್ದಳು ಅಂತ. ಅಜ್ಜಿಯ ಮೇಲೆ ನನಗೆ ಎಂಥ ಸಿಟ್ಟು ಬಂದಿತ್ತು ಅಂದರೆ, ಆ ಕೋಲನ್ನು ಮುರಿದು ಒಲೆಗೆ ಹಾಕಬೇಕು ಅನ್ನಿಸಿತ್ತು.

ಬೆಳಗ್ಗೆ ನಾನು ಎದ್ದಾಗಲೇ ಹುಳಿಯ ಘಮ ಬರುತ್ತಿತ್ತು. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಒಲೆ ಹತ್ತುವುದೇ ಅಪರೂಪ. ಅಡುಗೆಮನೆಗೆ ಹೋಗಿ ನೋಡಿದರೆ ಒಲೆ ಆರಿದೆ, ಅಡುಗೆ ಮುಗಿದಿದೆ, ದೇವರ ಮುಂದೆ ದೀಪ ಉರಿಯುತ್ತಿದೆ, ಅಜ್ಜಿ ಇಲ್ಲ.

ಹೊರಗೆ ಓಣಿಯಲ್ಲಿ ಹುಡುಗಿಯರು ಕೂಸುಗಳನ್ನು ಸೊಂಟದ ಮೇಲೆ ಇಟ್ಟುಕೊಂಡು ನಿಂತಿದ್ದರು. ಒಳಗೆ ಬರೋದೋ ಬೇಡವೋ ಯಾರಿಗೂ ಗೊತ್ತಿಲ್ಲ. ಕಿಟಕಿ ಹುಡುಗಿ ಎಲ್ಲರಿಗಿಂತ ಹಿಂದೆ, ಬೇಲಿಯ ಹತ್ತಿರ. ಅಮ್ಮ ಹೊಸಿಲ ಮೇಲೆ ನಿಂತಿದ್ದಳು, ಅವಳಿಗೂ ಏನು ಹೇಳಬೇಕೋ ಗೊತ್ತಿರಲಿಲ್ಲ. ಅಷ್ಟರಲ್ಲಿ ಕೊಟ್ಟಿಗೆಯಿಂದ ಅಜ್ಜಿ ಬಂದಳು. ಮಡಿಯ ಕೆಲಸವೆಲ್ಲ ಬೆಳಕು ಹರಿಯೋ ಮೊದಲೇ ಮುಗಿಸಿ ಸೀರೆ ಬದಲಿಸಿದ್ದಳು: ಉಟ್ಟದ್ದು ಮಡಿಸೀರೆಯಲ್ಲ, ನಿನ್ನೆ ಉಟ್ಟು ಮಲಗಿದ್ದ ಹಳೇ ಸೀರೆ. ಕೈಯಲ್ಲಿ ಕೋಲಿಲ್ಲ.

ಅಜ್ಜಿ ಬದಲಾಗಿಬಿಟ್ಟಳು ಅಂತ ಯಾರಾದರೂ ಹೇಳಿದರೆ ನಾನು ಒಪ್ಪಲ್ಲ. ಆಮೇಲೂ ನಾವು ಆ ಊರಿನಲ್ಲಿ ಇರೋ ತನಕ ದಿನಾ ಮಧ್ಯಾಹ್ನ ಬಾವಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡೇ ಊಟಕ್ಕೆ ಕೂರುತ್ತಿದ್ದಳು. ನೆಗಡಿಯಾದಾಗಲೂ ಬಿಡಲಿಲ್ಲ. ಆದರೆ ಅವತ್ತು ಬೆಳಗ್ಗೆ ಅವಳು ಆಡಿದ ಮಾತು ನಮ್ಮ ಕಿವಿಯಲ್ಲಿ ಹಾಗೇ ಉಳಿದಿದೆ, ನನ್ನ ಕಿವಿಯಲ್ಲೂ, ಸಮಾರಾಧನೆಗೆ ಕನ್ನಡಕ ಹಾಕಿಕೊಂಡು ಬಂದಿದ್ದ ಆ ಕಿಟಕಿ ಹುಡುಗಿಯ ಕಿವಿಯಲ್ಲೂ.

"ಏನು ಕಂಬದ ಥರ ನಿಂತಿದ್ದೀರಿ? ಬಿಸಿಲು ಏರ್ತಾ ಇದೆ, ತೊಟ್ಟಿಲು ಕಟ್ಟಿ," ಅಂದಳು ಅಜ್ಜಿ. ಹುಡುಗಿಯರು ನುಗ್ಗಿದರು. ಕಿಟಕಿ ಹುಡುಗಿ ತಾನಾಗಿಯೇ ಬಾಗಿಲ ಹತ್ತಿರದ ಕೊನೆಯ ಜಾಗಕ್ಕೆ ಹೋಗಿ ಸೀರೆ ಎಸೆಯೋಕೆ ಕೈ ಎತ್ತಿದಳು.

"ಅಲ್ಲಲ್ಲ ಕಣೇ," ಅಂದಳು ಅಜ್ಜಿ. "ಅವನು ತುಂಟ, ಹಾರ್ತಾನೆ. ಈ ಕಡೆ ಕಟ್ಟು, ನನ್ನ ಕೈಗೆ ಸಿಗೋ ಹಾಗೆ."

ಅಮ್ಮ ಸೆರಗು ಬಾಯಿಗೆ ತುರುಕಿಕೊಂಡು ಶಾಲೆಯ ಕಡೆ ಓಡಿದಳು, ನಗುತ್ತಿದ್ದಳೋ ಅಳುತ್ತಿದ್ದಳೋ ಹಿಂದಿನಿಂದ ನನಗೆ ಕಾಣಲಿಲ್ಲ. ಆಮೇಲೆ ರೈಲುಕಂಬಿಯ ಸದ್ದು ಶುರುವಾಯಿತು. ಹೊಡೆದಳು, ಹೊಡೆದಳು, ಹುಡುಗರೆಲ್ಲ ಬಂದು ಸಾಲಾಗಿ ನಿಂತ ಮೇಲೂ ಹೊಡೆಯುತ್ತಲೇ ಇದ್ದಳು. ಕೊನೆಗೆ ಅಜ್ಜಿ ಕೊಟ್ಟಿಗೆಯಿಂದ ಗೋಡೆಯಾಚೆಗೆ ಕೂಗಿದಳು:

"ಸಾಕು ನಿಲ್ಸೇ ಅದನ್ನ, ಮಕ್ಕಳು ಬೆಚ್ಚಿಬೀಳ್ತಾವೆ."